ಧ್ವನಿಯನ್ನು ಹೇಗೆ ಅಳೆಯುತ್ತೀರಿ?

ಮಾರ್ಚ್ 30, ಸೋಮವಾರ, ಮಧ್ಯಾಹ್ನ ಸರಿಯಾಗಿ ಎರಡು ಗಂಟೆಗೆ ಕೆಳಗಿನ ಅಂಗಡಿಯಲ್ಲಿ ಸುತ್ತಿಗೆಯ ಸದ್ದು ನಿಂತಿತು. ತಗಡಿನ ಟ್ರಂಕು ಮಾಡುವ ಪೆಟ್ಟಿಗೆಯಣ್ಣ ಕೊಟ್ಟ ಮಾತಿಗೆ ತಪ್ಪುವವರಲ್ಲ. ಎರಡರಿಂದ ಮೂರರವರೆಗೆ ಸುತ್ತಿಗೆ ಮುಟ್ಟುವುದಿಲ್ಲ, ಮೂರಾದ ಮೇಲೆ ಒಂದು ನಿಮಿಷವೂ ಸುಮ್ಮನಿರುವುದಿಲ್ಲ ಎಂದು ಬೆಳಿಗ್ಗೆಯೇ ಹೇಳಿಬಿಟ್ಟಿದ್ದರು. ಸಂಜೆಯೊಳಗೆ ಯಾವುದೋ ಹಾಸ್ಟೆಲಿಗೆ ಟ್ರಂಕುಗಳನ್ನು ಕಳಿಸಬೇಕಿತ್ತು.

ಮೇಲಿನ ಮಹಡಿಯಲ್ಲಿ ನಾನೂ ಅಕ್ಕನೂ ಲ್ಯಾಪ್‌ಟಾಪಿನ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದೆವು. ದೂರದೇಶದ ಒಂದು ನಿಧಿ ನಮ್ಮ ಅರ್ಜಿಯನ್ನು ಸಂದರ್ಶನಕ್ಕೆ ಆರಿಸಿತ್ತು. ವಿಡಿಯೊ ಕರೆ ಇನ್ನೇನು ಬರಬೇಕು. ಅಕ್ಕ ಇಸ್ತ್ರಿ ಮಾಡಿದ ಸೀರೆ ಉಟ್ಟಿದ್ದಳು. ಕ್ಯಾಮೆರಾಕ್ಕೆ ಕಾಣುವ ಅರ್ಧ ಗೋಡೆಯನ್ನು ನಾನು ಒರೆಸಿದ್ದೆ, ಉಳಿದರ್ಧಕ್ಕೆ ಹೊತ್ತು ಸಿಕ್ಕಿರಲಿಲ್ಲ.

ಅಕ್ಕ ಶ್ರವಣತಜ್ಞೆ. ಕಿವಿ ಮಂದವಾದ ಮಕ್ಕಳನ್ನು ಪರೀಕ್ಷಿಸಿ, ಶ್ರವಣಯಂತ್ರ ಹೊಂದಿಸಿ, ಮಾತು ಕಲಿಸುವ ಕೇಂದ್ರವನ್ನು ಎರಡು ಕೋಣೆಗಳಲ್ಲಿ ನಡೆಸುತ್ತಾಳೆ. ನಾನು ಭೌತಶಾಸ್ತ್ರ ಓದಿದವನು. ಅವಳ ಯಂತ್ರಗಳನ್ನು ದುರಸ್ತಿ ಮಾಡಲು ಬಂದವನು ಕ್ರಮೇಣ ಅನುದಾನ ಹುಡುಕುವವನಾದೆ. ಬೇರೆಯವರು ಬೆಳಿಗ್ಗೆ ಎದ್ದು ಹವಾಮಾನ ನೋಡುವ ಹಾಗೆ, ಪ್ರಪಂಚದ ಯಾವ ಮೂಲೆಯಲ್ಲಿ ಯಾವ ನಿಧಿ ಅರ್ಜಿ ಕರೆದಿದೆ ಎಂದು ನಾನು ನೋಡುತ್ತೇನೆ. ಒಬ್ಬರಿಗೆ ನಾವು ತೀರಾ ಚಿಕ್ಕವರು, ಇನ್ನೊಬ್ಬರಿಗೆ ತೀರಾ ಹಳಬರು. ಒಂದು ನಿಧಿಗೆ ನಾವು ಸಮುದ್ರದ ದಂಡೆಯಲ್ಲಿರಬೇಕಿತ್ತು. ಅಕ್ಕ ಇದನ್ನೆಲ್ಲ "ಗಾಳಿ ಗುದ್ದಿ ಮೈ ನೋಯಿಸಿಕೊಳ್ಳೋ ಕೆಲಸ" ಎನ್ನುತ್ತಿದ್ದಳು. ಹಾಗೆಂದು ಬಿಡಲೂ ಬಿಡುತ್ತಿರಲಿಲ್ಲ.

ನಮಗೆ ಬೇಕಾಗಿದ್ದುದು ಒಂದೇ, ಸದ್ದಿಲ್ಲದ ಒಂದು ಕೋಣೆ. ಯಾರಿಗೆ ಬೇಕಾಗಿತ್ತು ಎಂದರೆ ಗುಬ್ಬಿಗೆ.

ಗುಬ್ಬಿ ಎದುರು ಬೀದಿಯ ಟೈಲರಮ್ಮನ ಮಗಳು. ನಾಲ್ಕು ವರ್ಷ ತುಂಬಿ ಕೆಲವು ತಿಂಗಳಾಗಿದ್ದವು. ಹೆಡ್‌ಫೋನಿನಲ್ಲಿ ಸಣ್ಣ ಸ್ವರ ಕೇಳಿಸಿದ ಕೂಡಲೇ ಡಬ್ಬಿಯೊಳಗೆ ಒಂದು ಮರದ ಗುಂಡು ಹಾಕಬೇಕು. ಚಿಕ್ಕ ಮಕ್ಕಳಿಗೆ ಮಾಡುವ ಪರೀಕ್ಷೆ ಅಷ್ಟೇ. ಗುಬ್ಬಿ ಬಹಳ ಉತ್ಸಾಹದಿಂದ ಹಾಕುತ್ತಿದ್ದಳು. ಆದರೆ ಸಲಕ್ಕೊಂದು ಫಲಿತಾಂಶ. ಒಂದು ದಿನ ಅಕ್ಕ ಹೆಡ್‌ಫೋನಿನ ತಂತಿಯನ್ನೇ ಕಿತ್ತು ನೋಡಿದಳು. ಗುಬ್ಬಿ ಆಗಲೂ ಗುಂಡು ಹಾಕಿದಳು. ಅವಳು ಕೆಳಗಿನ ಸುತ್ತಿಗೆಗೆ ಗುಂಡು ಹಾಕುತ್ತಿದ್ದಳು, ಕಿವಿಯಿಂದ ಕೇಳಿ ಅಲ್ಲ, ಪಾದದಿಂದ. ನೆಲ ಅದುರಿದರೆ ಅವಳಿಗೆ ಅದೇ ಸದ್ದು.

ಸುತ್ತಿಗೆ ನಿಂತ ಹೊತ್ತಿನಲ್ಲಿ ಬಸ್ ನಿಲ್ದಾಣದ ಹಾರ್ನ್ ಸದ್ದು ಇರುತ್ತಿತ್ತು. ದೊಡ್ಡಾಸ್ಪತ್ರೆಯ ಸದ್ದಿಲ್ಲದ ಕೋಣೆಗೆ ಎರಡು ಸಲ ಕರೆದೊಯ್ದಾಗ ಗುಬ್ಬಿ ಬಿಳಿ ಕೋಟುಗಳನ್ನು ಕಂಡು ಅತ್ತು, ಹೆಡ್‌ಫೋನನ್ನು ಎಸೆದು ಬಂದಿದ್ದಳು. ನಂಬುವಂಥ ಪರೀಕ್ಷೆಯಿಲ್ಲದೆ ಯಂತ್ರದ ಮಟ್ಟ ಹೊಂದಿಸುವಂತಿಲ್ಲ. ಕಡಿಮೆಯಾದರೆ ಕೇಳಿಸದು, ಹೆಚ್ಚಾದರೆ ಇರುವ ಶ್ರವಣಶಕ್ತಿಗೂ ಕೇಡು. ಹೀಗಾಗಿ ಅವಳ ಯಂತ್ರ ಅಕ್ಕನ ಡ್ರಾಯರಿನಲ್ಲೇ ಇತ್ತು. "ಇದು ಮಾತು ಕೂಡಿಕೊಳ್ಳೋ ವಯಸ್ಸು ಕಣೋ" ಎನ್ನುತ್ತಿದ್ದಳು ಅಕ್ಕ. "ಈಗ ಕಿವಿಗೆ ಬೀಳದೇ ಇದ್ದದ್ದು ಮುಂದೆ ಬಾಯಿಗೂ ಬರಲ್ಲ."

ಅಂಥ ಹೊತ್ತಿನಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಈ ನಿಧಿ. ಅದರ ಹೆಸರು 'ಧ್ವನಿಯಿಲ್ಲದವರಿಗೆ ಧ್ವನಿ'.

"ಇಷ್ಟು ಕರೆಕ್ಟಾಗಿ ನಮ್ಮ ಬಗ್ಗೆ ಇವರಿಗೆ ಯಾರೋ ಹೇಳಿದ್ದು?" ಎಂದು ಅಕ್ಕ ಆಶ್ಚರ್ಯಪಟ್ಟಳು. ಇಬ್ಬರಿಗೂ ಬೇರೆ ಸಂಶಯ ಬರಲಿಲ್ಲ. ಹತ್ತು ಕಟ್ಟೋ ಕಡೆ ಒಂದು ಮುತ್ತು ಕಟ್ಟು ಎಂದಳು. ಬೇರೆ ಅರ್ಜಿಗಳನ್ನೆಲ್ಲ ಬದಿಗಿಟ್ಟು ನಾನು ಇದೊಂದನ್ನೇ ಹಿಡಿದೆ.

ಪ್ರಶ್ನೆಗಳು ಸೊಗಸಾಗಿದ್ದವು. 'ಈ ಜನರ ಧ್ವನಿ ಈಗ ಎಲ್ಲಿಯವರೆಗೆ ತಲುಪುತ್ತಿದೆ?' ನಾನು ಮೀಟರು ಹಿಡಿದು ನಿಂತೆ, ಗುಬ್ಬಿ ಆಡುತ್ತ ಉಲಿದಳು. 'ಮೆಟ್ಟಿಲಿನ ತುದಿಯವರೆಗೆ' ಎಂದು ಬರೆದೆ. 'ಅವರ ಧ್ವನಿಯನ್ನು ಅಡಗಿಸುತ್ತಿರುವ ಶಕ್ತಿಗಳು ಯಾವುವು?' ಅದಕ್ಕೆ ಬರೆದದ್ದು: 'ಒಂದು ಸುತ್ತಿಗೆ, ಒಂದು ಬಸ್ ನಿಲ್ದಾಣ.' ಕೊನೆಯದು: 'ಆಗುವ ಬದಲಾವಣೆಯನ್ನು ಹೇಗೆ ಅಳೆಯುತ್ತೀರಿ?' ಉತ್ತರಕ್ಕೆ ಎರಡು ಪುಟ ಜಾಗವಿತ್ತು. ನಾನು ಬರೆದೆ: 'ಡೆಸಿಬೆಲ್‌ನಲ್ಲಿ. ತಪ್ಪಿನ ಮಿತಿ 2.'

ಸಂದರ್ಶನದ ಸುದ್ದಿ ಬಂದ ದಿನ ಓಡಿಹೋಗಿ ಕೆಳಗೆ ಹೇಳಿದೆ. "ಅಣ್ಣಾ, ನಾವು ಕೊನೇ ಸುತ್ತಿಗೆ ಬಂದಿದ್ದೀವಿ."

ಪೆಟ್ಟಿಗೆಯಣ್ಣ ಕೈಯಲ್ಲಿದ್ದುದನ್ನು ನೋಡಿಕೊಂಡರು. "ಇರೋದೇ ಇದೊಂದು ಸುತ್ತಿಗೆ ತಮ್ಮಾ. ಇದಕ್ಕೂ ಬಂದ್ರಾ?"

ಕರೆ ನಮ್ಮ ಗಡಿಯಾರದಲ್ಲಿ ಮೂರು ಗಂಟೆಗೆ ಎಂದು ನಿಧಿಯವರು ತಿಳಿಸಿದ್ದರು. ಆದರೆ ಅವರ ದೇಶದಲ್ಲಿ ಹಿಂದಿನ ದಿನ, ಭಾನುವಾರ, ಬೇಸಿಗೆಗಾಗಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುವುದಿತ್ತು. ಪಾಪ, ಅವರು ಅದನ್ನು ಮರೆತಿರಬೇಕು ಎಂದು ನಾನೇ ಲೆಕ್ಕ ಹಾಕಿ, ಒಂದು ಗಂಟೆ ಕಳೆದು, ಎರಡು ಗಂಟೆ ಎಂದು ತೀರ್ಮಾನಿಸಿದ್ದೆ. ಸುತ್ತಿಗೆ ನಿಲ್ಲಿಸಿದ್ದೂ ಅದಕ್ಕೇ.

ಎರಡೂಕಾಲಾಯಿತು. ಎರಡೂವರೆಯಾಯಿತು. ಪರದೆಯಲ್ಲಿ ನಮ್ಮಿಬ್ಬರ ಮುಖ ಬಿಟ್ಟು ಬೇರೇನೂ ಇರಲಿಲ್ಲ.

"ಅವರು ಮರೆತಿದ್ದಾರೆ ಅಂತ ನಿಂಗೆ ಯಾರು ಹೇಳಿದ್ದು?" ಎಂದಳು ಅಕ್ಕ.

"ಯಾರೂ ಹೇಳಿಲ್ಲ. ಊಹೆ."

"ಅವರೇ ಕಳೆದು ಮೂರು ಅಂತ ಬರೆದಿದ್ರೆ?"

ಅಕ್ಕ ಕಿಟಕಿಯಿಂದ ಬಗ್ಗಿ ಕೇಳಿದಳು. "ಅಣ್ಣಾ, ಇನ್ನೊಂದು ಗಂಟೆ ಸುಮ್ಮನಿರೋಕೆ ಆಗುತ್ತಾ?"

"ಡಾಕ್ಟ್ರಮ್ಮ, ನೀವು ಹೇಳಿದ ಗಂಟೆ ನಾನು ಕೊಟ್ಟಾಯ್ತು" ಎಂಬ ಉತ್ತರ ಬಂತು. "ಇನ್ನೊಂದು ಕೊಟ್ರೆ ಹಾಸ್ಟೆಲ್ ಮಕ್ಕಳು ಬಟ್ಟೇನ ಗೋಣೀಲಿ ಹೊತ್ಕೊಂಡು ಹೋಗ್ತಾರೆ."

ಮೂರು ಗಂಟೆಗೆ ಸುತ್ತಿಗೆಯೂ ಕರೆಯೂ ಒಟ್ಟಿಗೇ ಶುರುವಾದವು.

ಪರದೆಯಲ್ಲಿ ಇಬ್ಬರು ಕಾಣಿಸಿದರು. ಬೆಳ್ಳಿಕೂದಲಿನ ಅಧ್ಯಕ್ಷೆ ಒಬ್ಬರು. ಅವರ ಪಕ್ಕದಲ್ಲಿ, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡ ಲೆಕ್ಕಾಧಿಕಾರಿ. ಅವರ ಭಾಷೆಯಲ್ಲಿ ನಡೆದ ಮಾತನ್ನು ನಮ್ಮ ಮಾತಿನಲ್ಲೇ ಬರೆಯುತ್ತೇನೆ. ಅಧ್ಯಕ್ಷೆ ನಕ್ಕು ಏನೋ ಕೇಳಿದರು. ಅಕ್ಕ ಉತ್ತರ ಹೇಳತೊಡಗಿದಳು. ಕೆಳಗೆ ಡಣ್, ಡಣ್.

"ಕ್ಷಮಿಸಿ, ನಿಮ್ಮ ಮಾತು ಕೇಳಿಸ್ತಿಲ್ಲ" ಎಂದರು ಅಧ್ಯಕ್ಷೆ.

ಅಕ್ಕ ಗಂಟಲೇರಿಸಿದಳು. ಡಣ್, ಡಣ್, ಡಣ್.

"ಏನೂ ಕೇಳಿಸ್ತಿಲ್ಲ. ಅಲ್ಲಿ ಏನಾಗ್ತಿದೆ?"

ನಾನು ಕಣ್ಣು ಮುಚ್ಚಿಕೊಂಡೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುವುದು ಇದಕ್ಕೇ ಇರಬೇಕು. ಅಕ್ಕ ಮಾತ್ರ ಮೈಕಿನ ಹತ್ತಿರಕ್ಕೆ ಬಾಗಿ, ಎರಡು ಏಟುಗಳ ನಡುವಿನ ಸಂದಿಗಾಗಿ ಕಾದು, ನಿಧಾನವಾಗಿ ಹೇಳಿದಳು: "ನಮ್ಮ ಅರ್ಜೀಲಿ ಇರೋದೂ ಅದೇ, ಮೇಡಂ."

ಅಧ್ಯಕ್ಷೆ ಕುರ್ಚಿಗೆ ಒರಗಿ ನಕ್ಕರು, ಕಣ್ಣು ಒರೆಸಿಕೊಳ್ಳುವಷ್ಟು.

ನಗು ಇಳಿದ ಮೇಲೆ ಸುತ್ತಿಗೆಯ ಸಂದಿಗಳಲ್ಲಿ ಅವರು ವಿವರಿಸಿದರು. ಈ ನಿಧಿಯಲ್ಲಿ ಧ್ವನಿ ಎಂದರೆ ಈ ಧ್ವನಿಯಲ್ಲ. ಸಭೆಯಲ್ಲಿ ಬಾಯಿಬಿಡಲು ಬಿಡದ ಹೆಂಗಸರು, ಕೂಲಿ ಕೇಳಲು ಹೆದರುವ ಕಾರ್ಮಿಕರು, ಅಂಥವರ ಪರವಾದ ಧ್ವನಿ. ಅದೊಂದು ಮಾತಿನ ರೀತಿ.

ನನ್ನ ಕಿವಿ ಬಿಸಿಯಾಯಿತು. ಮೇಜಿನ ಕೆಳಗೆ ಅಕ್ಕ ನನ್ನ ಮೊಣಕಾಲನ್ನು ಚಿವುಟಿದಳು. ಪರದೆಯ ಕಡೆಗೆ ಮಾತ್ರ ಹಸನ್ಮುಖಿ. "ಹಾಗಾದ್ರೆ ನಮ್ಮನ್ನ ಯಾಕೆ ಕರೆದ್ರಿ?"

"ಮೊದಲು ನಗೋಕೆ ಅಂತ ಒಬ್ಬರಿಂದೊಬ್ಬರು ಇಸ್ಕೊಂಡು ಓದಿದ್ವಿ. ಕೊನೆಗೆ ಇವರ ಕೈಗೆ ಹೋಯ್ತು. ಇವರು ವಾಪಸ್ಸೇ ಕೊಡಲಿಲ್ಲ." ಅಧ್ಯಕ್ಷೆ ಪಕ್ಕದವರನ್ನು ತೋರಿಸಿದರು.

ಅಲ್ಲಿಯವರೆಗೆ ಸುಮ್ಮನಿದ್ದ ಲೆಕ್ಕಾಧಿಕಾರಿ ಕನ್ನಡಕ ಸರಿಮಾಡಿಕೊಂಡರು. "ನಿಯಮದಲ್ಲಿ ಧ್ವನಿ ಅಂತಿದೆ. ಯಾವ ಧ್ವನಿ ಅಂತ ಬರೆದಿಲ್ಲ. ಹುಡುಕಿ ನೋಡಿದೆ." ಮತ್ತೆ ಹೇಳಿದರು: "ಹೇಗೆ ಅಳೀತೀರಿ ಅಂತ ನಾನು ಎಷ್ಟೋ ವರ್ಷದಿಂದ ಎಲ್ಲರನ್ನೂ ಕೇಳ್ತಿದ್ದೀನಿ. ತಪ್ಪಿನ ಮಿತಿ ಬರೆದವರು ನೀವೇ ಮೊದಲು."

ಅದನ್ನು ಅವರು ನನ್ನನ್ನೇ ನೋಡುತ್ತ ಹೇಳಿದರು. ಸಾವಿರಾರು ಮೈಲಿ ಆಚೆ ನನ್ನದೇ ಜಾತಿಯ ಒಬ್ಬ ಮನುಷ್ಯ ಕೂತಿದ್ದಾನೆ ಅನ್ನಿಸಿ ಸಮಾಧಾನವಾಯಿತು.

ಅಧ್ಯಕ್ಷೆಯ ಮುಖ ಗಂಭೀರವಾಯಿತು. "ನಿಮ್ಮ ಅರ್ಜಿಯಲ್ಲಿದ್ದ ಆ ಹುಡುಗಿ, ಸುತ್ತಿಗೆಗೆ ಗುಂಡು ಹಾಕುವವಳು. ಕೋಣೆ ಕಟ್ಟಿದ ಮೇಲೂ ಪರೀಕ್ಷೆ ಸರಿಹೋಗದಿದ್ರೆ?"

"ಸರಿಹೋಗಿಲ್ಲ ಅಂತ ಆವತ್ತೇ ಗೊತ್ತಾಗುತ್ತೆ" ಎಂದಳು ಅಕ್ಕ. "ಆವತ್ತೇ ನಿಮಗೆ ಬರೀತೀವಿ."

"ಹಾಗಾದ್ರೆ ಪುಟಗಟ್ಟಲೆ ವರದಿ ಬೇಡ. ಒಂದೇ ಒಂದು ಅಂಕಿ ಕಳಿಸಿ."

ಏಪ್ರಿಲ್ ಮಧ್ಯದಲ್ಲಿ ಒಪ್ಪಿಗೆ ಬಂತು. ಅಕ್ಕ ಅದನ್ನು ಮೂರು ಸಲ ಓದಿಸಿದಳು. ಆಮೇಲೆ ಡ್ರಾಯರು ತೆಗೆದು ಗುಬ್ಬಿಯ ಯಂತ್ರಕ್ಕೆ ಹೊಸ ಬ್ಯಾಟರಿ ಹಾಕಿದಳು. ಕೋಣೆಗೆ ಇನ್ನೂ ಒಂದು ಮೊಳೆಯೂ ಬಿದ್ದಿರಲಿಲ್ಲ.

ಕೋಣೆ ಮಾಡುವವರು ಯಾರು ಎಂಬ ಪ್ರಶ್ನೆಯನ್ನು ಕೇಳುವ ಮೊದಲೇ ಪೆಟ್ಟಿಗೆಯಣ್ಣ ಟೇಪು ಹಿಡಿದು ಮೇಲೆ ಬಂದಿದ್ದರು. "ಪೆಟ್ಟಿಗೆ ಅಂದ್ರೆ ಪೆಟ್ಟಿಗೆ. ಒಳಗೆ ಬಟ್ಟೆ ಇಟ್ರೂ ಅಷ್ಟೇ, ಡಾಕ್ಟ್ರಮ್ಮನ್ನ ಇಟ್ರೂ ಅಷ್ಟೇ."

"ಬರೀ ತಗಡು ಗಂಟೆ ಥರ ಮೊಳಗುತ್ತೆ ಅಣ್ಣಾ" ಎಂದೆ. ಕೊನೆಗೆ ಹೊರಗಡೆ ಅವರ ತಗಡು, ಒಳಗಡೆ ದಪ್ಪ ಹಲಗೆ, ನಡುವೆ ಉಣ್ಣೆಯಂಥ ಹಾಸು, ಅಡಿಯಲ್ಲಿ ರಬ್ಬರು ಎಂದು ಒಪ್ಪಂದವಾಯಿತು. ಒಳಮೈಗೆ ಟೈಲರಮ್ಮ ಬಟ್ಟೆ ಹೊಲಿದರು. ಕೆಳಗೆ ತಾವು ತಗಡು ಬಡಿಯುವ ಅಡಿಗಲ್ಲಿನ ಬುಡಕ್ಕೂ ಹಳೆ ಟೈರು ಹಾಸಲು ಪೆಟ್ಟಿಗೆಯಣ್ಣ ಒಪ್ಪಿದರು. ಒಪ್ಪುವಾಗ, ಗುಬ್ಬಿ ತನ್ನ ಏಟಿಗೆ ಗುಂಡು ಹಾಕುತ್ತಿದ್ದಳೆಂದು ತಿಳಿದು ಒಂದು ಬಗೆಯ ಹೆಮ್ಮೆಯೂ ಅವರಿಗಿತ್ತು. "ಈ ಬೀದೀಲಿ ನನ್ನ ಕೆಲಸಕ್ಕೆ ಲೆಕ್ಕ ಇಟ್ಟಿದ್ದು ಅವಳೊಬ್ಬಳೇ" ಎಂದರು.

ಮೊದಲ ಅಳತೆಯಲ್ಲಿ ಒಳಗಿನ ಸದ್ದು 41 ಡೆಸಿಬೆಲ್. 30ಕ್ಕಿಂತ ಕೆಳಗಿರಬೇಕಿತ್ತು. ಅಕ್ಕ ಹೋಗಿ ಕಿಟಕಿಯ ಬಳಿ ನಿಂತಳು. ನಾನು ಒಳಗೆ ಕೂತು ಬಾಗಿಲು ಹಾಕಿಸಿಕೊಂಡೆ, ದೀಪ ಆರಿಸಿದೆ. ಹೊರಗಿನಿಂದ ಪೆಟ್ಟಿಗೆಯಣ್ಣ ಬಾಗಿಲಿನ ಸುತ್ತ ಟಾರ್ಚು ಓಡಿಸಿದರು. ಕೆಳಗಿನ ಅಂಚಿನಲ್ಲಿ ಕೂದಲೆಳೆಯಷ್ಟು ಬೆಳಕು ಕಂಡಿತು. ಬೆಳಕು ಬಂದಲ್ಲಿ ಸದ್ದೂ ಬರುತ್ತದೆ. ಟೈಲರಮ್ಮ ಚೂರುಬಟ್ಟೆ ತುಂಬಿ ಉದ್ದನೆಯ ಸುರುಳಿಯೊಂದನ್ನು ಹೊಲಿದು ಆ ಅಂಚಿಗೆ ಕೂರಿಸಿದರು. ಮತ್ತೆ ಅಳೆದಾಗ 28.

ಮೊದಲು ಪರೀಕ್ಷೆಗೆ ಕೂತವರು ಪೆಟ್ಟಿಗೆಯಣ್ಣನೇ. ವರ್ಷಗಟ್ಟಲೆ ತಗಡು ಬಡಿದ ಕಿವಿಗಳಲ್ಲಿ ಮೇಲಿನ ಸ್ವರಗಳು ಸಾಕಷ್ಟು ಹೋಗಿದ್ದವು. ಕೆಲಸ ಮಾಡುವಾಗ ಕಿವಿಗೆ ಮುಚ್ಚಳ ಹಾಕಿಕೊಳ್ಳಬೇಕು ಎಂದು ಅಕ್ಕ ಗದರಿದಳು.

"ಹಾಕ್ಕೋತೀನಿ ಬಿಡಿ. ಮೇಲಿನ ಸ್ವರ ಕೇಳಿಸಲ್ಲ ಅಂತ ಒಂದು ಕಾಗದ ಬರೆದುಕೊಡಿ" ಎಂದರು ಅವರು. "ಮನೆಯವಳಿಗೆ ತೋರಿಸಬೇಕು. ಅವಳದೆಲ್ಲ ಮೇಲಿನ ಸ್ವರವೇ."

ಗುಬ್ಬಿ ಬಂದದ್ದು ಜೂನ್ 9ರ ಬೆಳಿಗ್ಗೆ. ಗುಂಡು ಹಾಕಲೆಂದು ಪೆಟ್ಟಿಗೆಯಣ್ಣ ಅವಳಿಗೊಂದು ಅಂಗೈಯಗಲದ ತಗಡಿನ ಟ್ರಂಕು ಮಾಡಿ, ಒಳಗೆ ಬಟ್ಟೆ ಹಾಸಿ ಕೊಟ್ಟಿದ್ದರು. ಅದಕ್ಕೆ ಪುಟ್ಟ ಚಿಲಕವೂ ಇತ್ತು. ಅದನ್ನು ಎದೆಗವಚಿಕೊಂಡು ತಾಯಿಯ ಜೊತೆ ಒಳಗೆ ಹೋಗಿ ಕೂತಳು. ಕೆಳಗೆ ಪೆಟ್ಟಿಗೆಯಣ್ಣನಿಗೆ ಬೇಕೆಂದೇ ಜೋರಾಗಿ ಬಡಿಯಲು ಹೇಳಿದ್ದೆವು. ನಾನು ಕೋಣೆಗೆ ಕೂರಿಸಿದ್ದ ಸಣ್ಣ ಗಾಜಿನ ಆಚೆಯಿಂದ ಗುಬ್ಬಿಯ ಕೈಯನ್ನೇ ನೋಡುತ್ತಿದ್ದೆ.

ಸುತ್ತಿಗೆ ಬಿತ್ತು. ಕೈ ಅಲ್ಲಾಡಲಿಲ್ಲ. ಮತ್ತೆ ಬಿತ್ತು. ಗುಬ್ಬಿ ಚಪ್ಪಲಿಯ ತುದಿಯನ್ನು ನೋಡಿಕೊಂಡಳು. ಅಲ್ಲಿ ಏನೂ ಸುದ್ದಿಯಿರಲಿಲ್ಲ. ಅಕ್ಕ ಸ್ವರದ ಗುಂಡಿ ಒತ್ತಿದಳು. ಗುಬ್ಬಿಯ ಕಣ್ಣು ಅರಳಿತು, ಗುಂಡು ಟ್ರಂಕಿನೊಳಗೆ ಬಿತ್ತು.

ಊಟವಾದ ಮೇಲೆ ಇಡೀ ಪರೀಕ್ಷೆಯನ್ನು ಮತ್ತೆ ಮಾಡಿದೆವು. ಬೆಳಿಗ್ಗೆಯ ಮತ್ತು ಮಧ್ಯಾಹ್ನದ ಫಲಿತಾಂಶಗಳ ರೇಖೆಗಳು ಒಂದರ ಮೇಲೊಂದು ಕೂತವು. ಅಕ್ಕ ಎರಡೂ ಹಾಳೆಗಳನ್ನು ಬೆಳಕಿಗೆ ಹಿಡಿದು ನೋಡಿ, ನನ್ನ ತಲೆಗೊಂದು ಮೊಟಕಿದಳು. ಅವಳು ಖುಷಿಯಾದಾಗ ಮಾಡುವುದೇ ಹಾಗೆ.

ಆಮೇಲೆ ಯಂತ್ರದ ಮಟ್ಟ ಹೊಂದಿಸಿ ಗುಬ್ಬಿಯ ಕಿವಿಗಿಟ್ಟು, ಟ್ರಂಕಿನ ಬಟ್ಟೆಯನ್ನು ತೆಗೆದಳು. ಗುಬ್ಬಿ ಅಭ್ಯಾಸಬಲದಿಂದ ಒಂದು ಗುಂಡು ಹಾಕಿದಳು. ಟಣ್. ಅವಳು ಸ್ತಬ್ಧಳಾದಳು. ಅಮ್ಮನನ್ನು ನೋಡಿದಳು, ಟ್ರಂಕನ್ನು ನೋಡಿದಳು. ಇನ್ನೊಂದು ಹಾಕಿದಳು. ಟಣ್. ಬಗ್ಗಿ, ಟ್ರಂಕಿನೊಳಗೆ ಮುಖವಿಟ್ಟು "ಆ" ಎಂದಳು. ಟ್ರಂಕು ತಿರುಗಿ "ಆ" ಎಂದಿತು. ಗುಬ್ಬಿ ತಲೆಯೆತ್ತಿ, ಎರಡೂ ಕೈ ಚಾಚಿ, ಇದ್ದ ಉಸಿರನ್ನೆಲ್ಲ ಸೇರಿಸಿ ಕೂಗಿದಳು. ಕೂಗಿ, ತನ್ನ ಕೂಗು ತನಗೇ ಕೇಳಿಸಿದ್ದಕ್ಕೆ ಬಿದ್ದು ಬಿದ್ದು ನಕ್ಕು, ಮತ್ತೆ ಕೂಗಿದಳು.

ಟೈಲರಮ್ಮ ಸೆರಗಿನಿಂದ ಕಣ್ಣೊತ್ತಿಕೊಳ್ಳುತ್ತ ಬಾಗಿಲು ತೆರೆದರು. "ಇನ್ನು ಮನೇಲಿ ನೆಮ್ಮದಿ ಅನ್ನೋದು ಮುಗೀತು ಬಿಡಿ ಅಕ್ಕಾ" ಎಂದು ಅಳುತ್ತಲೇ ನಗತೊಡಗಿದರು. ತೆರೆದ ಬಾಗಿಲಿನಿಂದ ಮೂರನೆಯ ಕೂಗು ಮೆಟ್ಟಿಲಿಳಿದು ಹೋಯಿತು. ಕೆಳಗೆ ಸುತ್ತಿಗೆ ನಿಂತಿತು.

"ಯಾರದು?" ಎಂದು ಪೆಟ್ಟಿಗೆಯಣ್ಣ ಕೂಗಿ ಕೇಳಿದರು. "ನನಗೇ ಕೇಳಿಸ್ತಲ್ಲ."

ಅಂದು ಸಂಜೆ ನಿಧಿಗೆ ಅಂಕಿ ಕಳಿಸಲು ಕೂತೆ. ಕೋಣೆಯ ನಿಶ್ಶಬ್ದ 28 ಎಂದು ಬರೆದೆ. ಅರ್ಜಿಯಲ್ಲಿ ಕೇಳಿದ್ದು ಕೋಣೆಯನ್ನೇ. ಅಕ್ಕ ಹೆಗಲ ಮೇಲಿಂದ ಇಣುಕಿ, "ಅವರು ಕೇಳಿದ್ದು ಧ್ವನಿ ಕಣೋ" ಎಂದಳು. ನಾನು ಅದನ್ನು ಅಳಿಸಿದೆ. ಒಳಗಿಟ್ಟಿದ್ದ ಮೀಟರು ಅತಿ ಜೋರಾದ ಸದ್ದನ್ನು ಹಿಡಿದಿಟ್ಟುಕೊಂಡಿತ್ತು. ಅದನ್ನು ನೋಡಿ ಒಂದೇ ಸಾಲು ಬರೆದು ಕಳಿಸಿದೆ.

ಗುಬ್ಬಿಯ ಧ್ವನಿ, ಒಂದು ಮೀಟರ್ ದೂರದಲ್ಲಿ: 93 ಡೆಸಿಬೆಲ್, ತಪ್ಪಿನ ಮಿತಿ 2.