ಇವತ್ತೇನು ಸಾರು

ಮುತ್ತುರಾಜನ ಹೆಣದ ಬಾಯಿಗೆ ಅಕ್ಕಿಕಾಳು ಹಾಕಿದ ಆ ಹೆಂಗಸು ಪಕ್ಕಕ್ಕೆ ಸರಿಯಲಿಲ್ಲ. ಕಾಲ ಬಳಿ ಕುಸಿದು ಕೂತು ಅತ್ತಳು. ಅವನ ಹೆಂಡತಿ ಪಟಾಲಮ್ಮನ ಕಣ್ಣೀರು ಅಲ್ಲಿಗೇ ನಿಂತಿತು. ಗಂಡನ ಬಳಗವನ್ನೆಲ್ಲ ಬಲ್ಲ ಅವಳಿಗೆ ಈ ಮುಖ ಗೊತ್ತಿರಲಿಲ್ಲ.

"ಯಾರಮ್ಮ ನೀನು?" ನಾದಿನಿ ಗಂಗಾಂಬಿಕಾ ಕೇಳಿದಳು.

"ಚಿಕ್ಕಹನುಮಕ್ಕ ಅಂತ, ನಮ್ಮೂರು ರಾಯಚರ್ಲು. ಅಣ್ಣ ದಿನಾ ಫೋನ್ ಮಾಡ್ತಿದ್ರು."

ದಿನಾ ಫೋನು! ಪಟಾಲಮ್ಮ ಅವಳ ಕಿವಿ, ಕೊರಳು, ಸೀರೆ ಎಲ್ಲವನ್ನೂ ನೋಡಿದಳು. ಇದರಲ್ಲಿ ತನ್ನ ಗಂಡ ಕೊಡಿಸಿದ್ದು ಯಾವುದು? ನಗುವ ಹೆಂಗಸನ್ನು ನಂಬಬಾರದು ಅನ್ನುತ್ತಾರೆ. ಅಳುವ ಹೆಂಗಸನ್ನು ನಂಬಬಹುದೆಂದು ಯಾವ ಗಾದೆಯೂ ಹೇಳಿಲ್ಲ.

*

ಟಿ.ಬಿ. ರೋಗಿಗಳಿಗೆ ಫೋನು ಮಾಡಿ, ಮಾತ್ರೆ ಬಿಡದಂತೆ ನೋಡಿಕೊಳ್ಳುವುದು ಪಾವಗಡದ ಸಂಸ್ಥೆಯೊಂದರಲ್ಲಿ ಮುತ್ತುರಾಜನ ಕೆಲಸವಾಗಿತ್ತು. ಹೋದ ವರ್ಷ ಸಂಸ್ಥೆ ಅದಕ್ಕೆ ಕಂಪ್ಯೂಟರಿನ ದನಿ ಹಚ್ಚಿ, ಇವನನ್ನು ಬೇರೆ ಕೆಲಸಕ್ಕೆ ಕೂರಿಸಿತು. ಆಮೇಲೂ ಇವನು ಸಂಜೆಯಾದರೆ ಜಗುಲಿಯ ತುದಿಗೆ ಹೋಗಿ ಫೋನು ಹಿಡಿಯುತ್ತಿದ್ದ. ಕದದ ಹಿಂದೆ ನಿಂತು ಪಟಾಲಮ್ಮ ಕೇಳಿಸಿಕೊಂಡಿದ್ದಳು: "ಇವತ್ತೇನು ಸಾರು? ನೀನೂ ಉಂಡೇನಮ್ಮ?"

ಮಾತ್ರೆಯ ಮಾತೇ ಇಲ್ಲ. ತಾನು ಬಡಿಸಿದ್ದು ಯಾವ ಸಾರೆಂದು ಒಂದು ದಿನವೂ ಕೇಳದವನಿಗೆ ಊರವಳ ಸಾರಿನ ಚಿಂತೆ!

"ಯಾರ್ದದು ಫೋನು?"

"ಆಫೀಸಿಂದು, ಬುಡು."

ಅವತ್ತಿಂದ ಅವಳು ಗಂಡನೊಡನೆ ನೆಟ್ಟಗೆ ಮಾತಾಡಿರಲಿಲ್ಲ. ನಿನ್ನೆ ಎದೆನೋವೆಂದು ಕೂತವನು ಮೇಲೇಳಲಿಲ್ಲ.

*

ಮಣ್ಣು ಮುಗಿಯಿತು. ಬಂದವರೆಲ್ಲ ಕಾಲು ತೊಳೆದು, ದೀಪ ನೋಡಿ ಹೊರಟರು. ಚಿಕ್ಕಹನುಮಕ್ಕ ಮಾತ್ರ ಹೊರಡಲಿಲ್ಲ. ಪಟಾಲಮ್ಮ ಅವಳನ್ನು ಹಿತ್ತಿಲಿಗೆ ಕರೆದಳು.

"ನಿಜ ಹೇಳು. ನಿಂಗೂ ಅವ್ರಿಗೂ ಏನು?"

ಚಿಕ್ಕಹನುಮಕ್ಕ ಸುತ್ತ ನೋಡಿ ದನಿ ತಗ್ಗಿಸಿದಳು. "ನಂಗೆ ಟಿ.ಬಿ. ಕಣಕ್ಕ. ನಮ್ಮತ್ತೆಗೂ ಗೊತ್ತಿಲ್ಲ. ಯಾರ್ಗೂ ಹೇಳಲ್ಲ ಅಂತ ಅಣ್ಣ ಮಾತು ಕೊಟ್ಟಿದ್ರು. ಆ ಕಂಪ್ಯೂಟರು, ಮಾತ್ರೆ ನುಂಗಿದ್ರೆ ಒಂದು ಒತ್ತಿ ಅಂತದೆ. ವಾಕರಿಕೆ ತಡೀನಾರ್ದೆ, ನುಂಗ್ದೇನೆ ಒತ್ಬುಡ್ತಿದ್ದೆ. ಕೆಲಸ ಬದಲಾದ್ಮೇಲೂ ಅಣ್ಣ ಫೋನ್ ಮಾಡಿದ್ರು, ಮಾತ್ರೆ ಸುದ್ದೀನೇ ಎತ್ತಲಿಲ್ಲ. ಇವತ್ತೇನು ಸಾರು ಅಂದ್ರು. ಹೊಟ್ಟೆಗೆ ಏನೂ ಸೇರ್ತಿರ್ಲಿಲ್ಲ ನಂಗೆ, ಅತ್ಬುಟ್ಟೆ. ಅವತ್ತಿಂದ ಉಣ್ತೀನಿ, ನುಂಗ್ತೀನಿ."

"ಅವ್ರನ್ನ ಎಲ್ಲಿ ನೋಡಿದ್ದೆ?"

"ನೋಡಿದ್ದು ಇವತ್ತೇ ಕಣಕ್ಕ. ನಿನ್ನೆ ಫೋನು ಬರ್ಲಿಲ್ಲ ಅಂತ ಆಫೀಸಿಗೆ ಕೇಳ್ದೆ, ಹಿಂಗಂದ್ರು."

ಇದನ್ನೂ ನಂಬಬೇಕೇ? ಪಟಾಲಮ್ಮನಿಗೆ ತಿಳಿಯಲಿಲ್ಲ. ಅಷ್ಟರಲ್ಲಿ ಚಿಕ್ಕಹನುಮಕ್ಕನ ಫೋನು ಬಡಿದುಕೊಂಡಿತು.

"ನಮಸ್ಕಾರ. ಇಂದಿನ ಮಾತ್ರೆ ನುಂಗಿದ್ದರೆ ಒಂದನ್ನು ಒತ್ತಿ," ಎಂದಿತು ನಯವಾದ ದನಿ.

ಅವಳ ತುಟಿ ಒಣಗಿತ್ತು. ಬೆಳಗಿನಿಂದ ನೀರೂ ಮುಟ್ಟದವಳ ಹೆಬ್ಬೆರಳು ತಾನಾಗಿಯೇ ಒಂದರ ಮೇಲೆ ಹೋಯಿತು.

ಪಟಾಲಮ್ಮ ಫೋನು ಕಿತ್ತುಕೊಂಡು ಕಟ್ ಮಾಡಿದಳು.

"ಇವತ್ತೇನು ಸಾರು?" ಕೇಳಿದಳು.

"ಮಾಡಿಲ್ಲಕ್ಕ."

ಸಾವಿನ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ. ಪಕ್ಕದ ಮನೆಯವರು ತಂದಿಟ್ಟ ಮುದ್ದೆ, ಹುರುಳಿ ಸಾರು ನಡುಮನೆಯಲ್ಲಿ ಹಾಗೇ ಇದ್ದವು. ಪಟಾಲಮ್ಮ ಒಂದು ತಟ್ಟೆ ತೊಳೆದಳು. ಕೊಂಚ ತಡೆದು, ಇನ್ನೊಂದನ್ನೂ ತೊಳೆದಳು.