ನೆನೆಯುವ ಹೊತ್ತು

ಸುಟ್ಟಗಾಯಗಳ ವಾರ್ಡಿನ ರೋಗಿಗಳು ಅವಳಿಗೆ ಚಿಮಟದಕ್ಕ ಎಂದು ಹೆಸರಿಟ್ಟಿದ್ದರು. ಎದುರಿಗೆ ಹಾಗೆ ಕರೆಯುವ ಧೈರ್ಯ ಯಾರಿಗೂ ಇರಲಿಲ್ಲ, ಆದರೂ ಹತ್ತೊಂಬತ್ತು ವರ್ಷ ಒಂದೇ ವಾರ್ಡಿನಲ್ಲಿ ದುಡಿದ ನರ್ಸಿಗೆ ಇಂಥದ್ದೆಲ್ಲ ಕಿವಿಗೆ ಬೀಳದೆ ಇರುತ್ತದೆಯೇ? ಬೆಳಿಗ್ಗೆ ಎಂಟಕ್ಕೆ ಡ್ರೆಸ್ಸಿಂಗ್ ಗಾಡಿ ತಳ್ಳಿಕೊಂಡು ಅವಳು ಬಾಗಿಲಲ್ಲಿ ಕಾಣಿಸಿಕೊಂಡರೆ ಹನ್ನೆರಡು ಹಾಸಿಗೆಗಳೂ ಗಪ್‌ಚಿಪ್.

ಕೆಲಸ ಹೇಳುವುದಕ್ಕೆ ಸುಲಭ. ಗಾಯಕ್ಕೆ ಅಂಟಿಕೊಂಡ ಹಳೆಯ ಗಾಜ್ ಬಟ್ಟೆ ತೆಗೆದು ಹೊಸದನ್ನು ಹಾಕಬೇಕು, ಅಷ್ಟೆ. ಆದರೆ ಒಣಗಿದ ಬಟ್ಟೆಯನ್ನು ಹಾಗೇ ಎಳೆದರೆ ಆಗತಾನೇ ಹುಟ್ಟಿದ ಎಳೆ ಚರ್ಮವೂ ಅದರ ಜೊತೆಗೇ ಬಂದುಬಿಡುತ್ತದೆ. ಅದಕ್ಕೇ ಮೊದಲು ಸಲೈನ್ ನೀರು ಹಾಕಿ ನೆನೆಸಿ, ಹತ್ತು ನಿಮಿಷ ಕಾದು, ಬಟ್ಟೆ ತಾನಾಗಿ ಸಡಿಲವಾದ ಮೇಲೆ ಚಿಮಟದಿಂದ ಅಂಚಂಚಾಗಿ ಎತ್ತಬೇಕು. ಅವಳ ಕೈ ಇದರಲ್ಲಿ ಪಳಗಿತ್ತು. ಮೊದಮೊದಲು ರೋಗಿಗಳ ಜೊತೆ ಅವಳೂ ಅಳುತ್ತಿದ್ದಳು, ಮನೆಗೆ ಹೋದರೆ ಊಟ ಸೇರುತ್ತಿರಲಿಲ್ಲ. ಹೀಗೇ ಆದರೆ ವರ್ಷ ತುಂಬುವುದರೊಳಗೆ ತಾನೇ ಹಾಸಿಗೆ ಹಿಡಿಯುತ್ತೇನೆ ಅನ್ನಿಸಿ ಮನಸ್ಸನ್ನು ಕಲ್ಲು ಮಾಡಿಕೊಂಡಳು. ಅಂದಿನಿಂದ ಊಟ ಸೇರಿತು, ನಿದ್ದೆ ಬಂತು. ರೋಗಿಗಳ ನರಳಾಟ ಮಾತ್ರ ಫ್ಯಾನಿನ ಸದ್ದಿನ ಹಾಗೆ ಕಿವಿ ಪಕ್ಕದಲ್ಲೇ ಹಾದುಹೋಗುತ್ತಿತ್ತು.

ಒಂದು ಸೋಮವಾರ ವಿಶ್ವವಿದ್ಯಾಲಯದಿಂದ ಒಬ್ಬ ಸಂಶೋಧಕಿ ಬಂದಳು. ಮೂಗಿನ ಮೇಲೆ ನಿಲ್ಲದ ಕನ್ನಡಕ, ಕೈಯಲ್ಲಿ ಮಣಿಕಟ್ಟಿಗೆ ಕಟ್ಟುವ ಪಟ್ಟಿಗಳ ಡಬ್ಬ. ನರ್ಸುಗಳ ಊಟದ ಕೋಣೆಯಲ್ಲಿ ನಿಂತು ವಿವರಿಸಿದಳು. ಎಂಟು ವಾರದ ಅಧ್ಯಯನ. ಚೀಟಿ ಎತ್ತಿ ಎರಡು ಗುಂಪು ಮಾಡುತ್ತಾರೆ. ಒಂದು ಗುಂಪಿಗೆ ದಿನಾ ಇಪ್ಪತ್ತು ನಿಮಿಷ ಕೈಕಾಲು ಚಾಚುವ ವ್ಯಾಯಾಮ, ಇನ್ನೊಂದಕ್ಕೆ ಕರುಣೆಯ ಧ್ಯಾನ. ಕೈಪಟ್ಟಿ ಎದೆಬಡಿತವನ್ನು ಬರೆದುಕೊಳ್ಳುತ್ತದೆ. ಯಾರ ದಣಿವು ಇಳಿಯಿತು ಎಂದು ಕೊನೆಗೆ ನೋಡುತ್ತಾರೆ.

“ಕಣ್ಣು ಮುಚ್ಚಿದ್ರೆ ನಮಗೆ ನಿದ್ದೆ ಬರುತ್ತೆ ಕಣಮ್ಮಾ, ಕರುಣೆ ಬರಲ್ಲ,” ಎಂದಳು ಚಿಮಟದಕ್ಕ. ಕೋಣೆಗೆ ಕೋಣೆಯೇ ನಕ್ಕಿತು.

ಸಂಶೋಧಕಿಯೂ ನಕ್ಕಳು. “ನಿದ್ದೆ ಬಂದ್ರೆ ನಿದ್ದೆ ಅಂತಾನೇ ಬರ್ಕೋತೀನಿ ಅಕ್ಕಾ. ಏನಾಯ್ತೋ ಅದನ್ನ ಬರೀಬೇಕು, ಏನಾಗಲಿ ಅಂತ ಆಸೆಯೋ ಅದನ್ನಲ್ಲ.”

ಆ ಮಾತು ಚಿಮಟದಕ್ಕನಿಗೆ ಹಿಡಿಸಿತು. ಚೀಟಿ ಎತ್ತಿದಳು. ಧ್ಯಾನ ಬಂತು.

ಮನೆಯಲ್ಲಿ ಅತ್ತೆ ಕೇಳಿ ಕಣ್ಣರಳಿಸಿದರು. “ಕಣ್ಣು ಮುಚ್ಕೊಂಡು ಕೂತಿದ್ದಕ್ಕೆ ಅಧ್ಯಯನ ಮಾಡ್ತಾರಾ? ನನ್ನ ಹೆಸರೂ ಬರೆಸೇ ಮಾರಾಯ್ತಿ, ಊಟ ಆದ್ಮೇಲೆ ನಾನು ನಲವತ್ತು ವರ್ಷದಿಂದ ಅದನ್ನೇ ಮಾಡ್ತಿದೀನಿ.”

ಹಾಸಿಗೆ ಹೊದಿಕೆಗಳನ್ನು ಪೇರಿಸಿಟ್ಟಿದ್ದ ಸಣ್ಣ ಕೋಣೆಯಲ್ಲಿ, ಮಡಚಿದ ಕಂಬಳಿಯೊಂದರ ಮೇಲೆ ಅವಳು ದಿನಾ ಕೂತಳು. ಫೋನಿನಲ್ಲಿ ಒಂದು ದನಿ ಹೇಳಿಕೊಡುತ್ತಿತ್ತು: ಮೊದಲು ನಿನಗೆ ನೀನೇ ಒಳ್ಳೆಯದನ್ನು ಬಯಸು. ಆಮೇಲೆ ನಿನಗೆ ಬೇಕಾದವರಿಗೆ. ಆಮೇಲೆ ಮುಖಪರಿಚಯ ಮಾತ್ರ ಇರುವ ಯಾರಿಗಾದರೂ. ನಾಲ್ಕು ವಾರ ಸಲೀಸಾಗಿ ಹೋಯಿತು. ಭುಜದ ಬಿಗಿತ ಸಡಿಲವಾಯಿತು, ಪಟ್ಟಿಯ ಅಂಕಿಗಳೂ ಇಳಿದವು. ಸಂಶೋಧಕಿಗೆ ಖುಷಿಯೋ ಖುಷಿ.

ಐದನೇ ವಾರ ದನಿ ಹೇಳಿತು: ನಿನಗೆ ಕಂಡರಾಗದ ಒಬ್ಬರನ್ನು ನೆನೆ. ಅವರಿಗೂ ಒಳ್ಳೆಯದಾಗಲಿ ಅನ್ನು.

ಅವಳು ಹುಡುಕಬೇಕಾಗಿಯೇ ಇರಲಿಲ್ಲ. ಆರನೇ ಹಾಸಿಗೆಯಲ್ಲಿದ್ದ ಬೇಕರಿ ಮಾಲೀಕ ಕರೆಯದೆಯೇ ಬಂದು ನಿಂತ. ಓವನ್ನಿನ ಗ್ಯಾಸ್ ಪೈಪು ಸೋರುತ್ತಿದೆ ಎಂದು ಅವನ ಬೇಕರಿಯಲ್ಲಿ ಹಿಟ್ಟು ನಾದುವ ಹೆಂಗಸು ಮೂರು ಸಲ ಹೇಳಿದ್ದಳಂತೆ. ನಾಳೆ ನೋಡೋಣ, ನಾಡಿದ್ದು ನೋಡೋಣ ಎಂದು ತಳ್ಳಿಕೊಂಡೇ ಬಂದಿದ್ದ. ಒಂದು ಬೆಳಿಗ್ಗೆ ಅವಳು ಓವನ್ ಹಚ್ಚಿದಳು, ಬೆಂಕಿ ಭುಗಿಲೆದ್ದಿತು. ಪಕ್ಕದಲ್ಲಿದ್ದ ಅವನಿಗೆ ಒಂದು ತೋಳು ಸುಟ್ಟಿತು; ಅವಳಿಗೆ ಎರಡೂ ಕೈ, ಕತ್ತು. ಅವಳು ಐದನೇ ಹಾಸಿಗೆಯಲ್ಲಿ ಹಲ್ಲುಕಚ್ಚಿ ಮಲಗಿದ್ದರೆ, ಅವನು ಕಾಫಿ ತಣ್ಣಗಾಯಿತು, ದಿಂಬು ಗಟ್ಟಿಯಾಯಿತು ಎಂದು ವಾರ್ಡನ್ನೇ ತಲೆಯ ಮೇಲೆ ಹೊತ್ತುಕೊಳ್ಳುತ್ತಿದ್ದ.

ಇವನಿಗೆ ಒಳ್ಳೆಯದಾಗಬೇಕಂತೆ! ಚಿಮಟದಕ್ಕ ನಾಲ್ಕೇ ನಿಮಿಷಕ್ಕೆ ಎದ್ದು ಹೋದಳು. ಎರಡನೇ ದಿನವೂ ಅದೇ ಕಥೆ. ಆದರೆ ಹಿಡಿದ ಕೆಲಸ ಬಿಡುವ ಜಾಯಮಾನ ಅವಳದಲ್ಲ. ಮೂರನೇ ದಿನ ಹಟ ಹಿಡಿದು ಕೂತಳು. ಮುಖ ನೆನೆಯಲು ಆಗದಿದ್ದರೆ ತೋಳನ್ನಾದರೂ ನೆನೆಯೋಣ ಎಂದುಕೊಂಡಳು. ತೋಳು ಕಣ್ಣಮುಂದೆ ಬಂತು, ಅದರ ಮೇಲಿನ ಬಟ್ಟೆ ಬಂತು, ಬಟ್ಟೆಯ ಅಂಚು ಹಿಡಿದ ತನ್ನದೇ ಚಿಮಟ ಬಂತು. ಅಂಚು ಒದ್ದೆಯಾಗಿತ್ತು. ನಡುವೆ ಬಟ್ಟೆ ಬೆಳ್ಳಗೆ ಒಣಗಿತ್ತು.

ಅವಳು ಕಣ್ಣುಬಿಟ್ಟಳು. ಒಣಗಿತ್ತು, ಏಕೆ?

ಮರುದಿನ ಗೋಡೆಯ ಗಡಿಯಾರ ನೋಡಿಕೊಂಡೇ ಕೆಲಸ ಶುರುಮಾಡಿದಳು. ಐದನೇ ಹಾಸಿಗೆಯವಳ ಬಟ್ಟೆಗೆ ನೀರು ಹಾಕಿ ಕೂತಳು, ಹನ್ನೆರಡು ನಿಮಿಷ. ಆರನೆಯದಕ್ಕೆ ಹೋದಳು. ನೀರು ಹಾಕಿದಳು. ಬಲಗೈ ತಾನಾಗಿ ಚಿಮಟ ಎತ್ತಿಕೊಂಡಾಗ ಗಡಿಯಾರ ನೋಡಿದರೆ ನಾಲ್ಕೇ ನಿಮಿಷವಾಗಿತ್ತು. ಅವನು ವಾರ್ಡಿಗೆ ಬಂದ ಮೂರು ವಾರದಿಂದಲೂ ಹೀಗೇ ನಡೆದಿತ್ತೆಂಬುದರಲ್ಲಿ ಅವಳಿಗೆ ಅನುಮಾನ ಉಳಿಯಲಿಲ್ಲ. ಕೈಗೆ ಯಾರೂ ಹೇಳಿಕೊಟ್ಟಿರಲಿಲ್ಲ. ತೀರ್ಪನ್ನೂ ಶಿಕ್ಷೆಯನ್ನೂ ಅದೇ ಕೊಡುತ್ತಿತ್ತು.

ಚಿಮಟ ಕೆಳಗಿಟ್ಟು, ಇನ್ನಷ್ಟು ನೀರು ಸುರಿದು, ಸ್ಟೂಲ್ ಎಳೆದುಕೊಂಡು ಕೂತಳು.

“ಏನಾಯ್ತು ಸಿಸ್ಟರ್?” ಎಂದ ಮಾಲೀಕ.

“ನಿಮ್ಮ ಬಟ್ಟೆನ ಇಷ್ಟು ದಿನ ನಾನು ಸರಿಯಾಗಿ ನೆನೆಸಿಲ್ಲ. ನಿಮಗೆ ಬೇಕಾದ್ದಕ್ಕಿಂತ ಜಾಸ್ತಿ ನೋವು ಕೊಟ್ಟಿದೀನಿ. ತಪ್ಪು ನಂದು.”

ಅವನು ಚಾವಣಿ ನೋಡುತ್ತಲೇ ಹೇಳಿದ: “ಗೊತ್ತಿತ್ತು. ಪಕ್ಕದ ಹಾಸಿಗೆ ಹತ್ರ ಎಷ್ಟು ಹೊತ್ತು ಕೂರ್ತೀರ ಅಂತ ಕಾಣ್ತಿತ್ತಲ್ಲ.”

“ಮತ್ಯಾಕೆ ಬಾಯಿ ಬಿಡಲಿಲ್ಲ? ಕಾಫಿ ತಣ್ಣಗಾದ್ರೆ ಮೂರು ಮಹಡಿಗೆ ಕೇಳೋ ಹಾಗೆ ಕೂಗ್ತೀರಲ್ಲ!”

“ಕಾಫಿಗೆ ಕೂಗಬಹುದು. ಇದಕ್ಕೆ ಯಾವ ಮುಖ ಇಟ್ಕೊಂಡು ಕೂಗಲಿ ಸಿಸ್ಟರ್? ನನಗಿದು ಆಗ್ಬೇಕಾದ್ದೇ ಅಂದ್ಕೊಂಡೆ.”

ಐದನೇ ಹಾಸಿಗೆಯ ಹೆಂಗಸು ಇತ್ತ ತಿರುಗಿದಳು. ಅವಳ ದನಿ ಕೇಳಿದ್ದೇ ಅಪರೂಪ. “ಅಕ್ಕಾ, ಅವರಿಗೆ ನೋವಾದ್ರೆ ನನ್ನ ಕೈ ಬೇಗ ವಾಸಿಯಾಗುತ್ತಾ? ಅವರನ್ನ ನಾನು ಕೋರ್ಟಲ್ಲಿ ನೋಡ್ಕೋತೀನಿ. ಅದು ನನ್ನ ಕೆಲಸ. ನೀವು ನಿಮ್ಮ ಕೆಲಸ ಸರಿಯಾಗಿ ಮಾಡಿ.”

ಚಿಮಟದಕ್ಕನಿಗೆ ಕಪಾಳಕ್ಕೆ ಹೊಡೆದಂತಾಯಿತು. ಆದರೆ ಆ ಹೆಂಗಸಿನ ಮಾತಿನಲ್ಲಿ ಸಿಟ್ಟಿರಲಿಲ್ಲ, ಲೆಕ್ಕಾಚಾರವಿತ್ತು. ಹತ್ತು ನಿಮಿಷ ಪೂರ್ತಿ ಕಾದು ಬಟ್ಟೆ ಎತ್ತಿದಳು. ಅದು ಎಲೆ ಕಳಚಿದ ಹಾಗೆ ಬಂತು.

ಉಳಿದ ಮೂರು ವಾರ ದಿನವೂ ಆರನೇ ಹಾಸಿಗೆಯವನನ್ನು ನೆನೆದು ಕೂತಳು. ಕಲ್ಲು ಮಾಡಿಕೊಂಡಿದ್ದ ಮನಸ್ಸು ಬಿರುಕುಬಿಟ್ಟಿತ್ತು. ನರಳಾಟ ಮತ್ತೆ ಕಿವಿಗೆ ಬೀಳತೊಡಗಿತು, ಆದರೆ ಮೊದಲಿನ ಹಾಗೆ ಅವಳನ್ನು ಕೆಡವಲಿಲ್ಲ. ನೋವು ಕಂಡಾಗ ಓಡಿಹೋಗಬೇಕು ಅನ್ನಿಸುವ ಬದಲು ಹತ್ತಿರ ಕೂರಬೇಕು ಅನ್ನಿಸುತ್ತಿತ್ತು.

ಅಧ್ಯಯನ ಮುಗಿದ ಮೇಲೆ ಸಂಶೋಧಕಿ ಸಪ್ಪೆ ಮುಖ ಮಾಡಿಕೊಂಡು ಲ್ಯಾಪ್‌ಟಾಪ್ ತಿರುಗಿಸಿ ತೋರಿಸಿದಳು. ನಾಲ್ಕು ವಾರ ಇಳಿದಿದ್ದ ಗೆರೆ ಐದನೆಯದರಲ್ಲಿ ಜಿಗಿದು ಮೇಲೇ ನಿಂತಿತ್ತು. “ನಿಮಗೆ ಇದ್ರಿಂದ ಒತ್ತಡ ಜಾಸ್ತಿಯಾಗಿದೆ ಅಕ್ಕಾ. ಗುಂಪಿನ ಸರಾಸರಿನೂ ಅಷ್ಟಕ್ಕಷ್ಟೆ.”

“ಹಾಗಿದ್ರೆ ಹಾಗೇ ಬರೀರಿ,” ಎಂದಳು ಚಿಮಟದಕ್ಕ. ಆಮೇಲೆ ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿ ಕೇಳಿದಳು: “ಪಟ್ಟಿನ ನನ್ನ ಕೈಗೆ ಕಟ್ಟಿದ್ರಿ. ನನ್ನ ಕೈಕೆಳಗೆ ಮಲಗಿದ್ದೋರನ್ನ ಏನಾದ್ರೂ ಕೇಳಿದ್ರಾ?”

ಸಂಶೋಧಕಿ ಕನ್ನಡಕ ಮೇಲೇರಿಸಿದಳು. “ಅವರ ನೋವು ಕಮ್ಮಿಯಾಗಿದ್ರೆ ಅದು ಕರುಣೆಯಿಂದಲ್ಲ ಅಕ್ಕಾ, ನೀರಿಂದ.”

“ನೀರು ಮೊದಲೂ ಗಾಡಿಲೇ ಇತ್ತಲ್ಲಮ್ಮಾ. ಕಾಯೋ ಹಾಗೆ ಮಾಡಿದ್ದು ಯಾವುದು?”

ಸಂಶೋಧಕಿ ಪೆನ್ನು ತೆಗೆದು ಬರೆಯಲು ಶುರುಮಾಡಿದಳು. ಸಂಜೆಯ ಹೊತ್ತಿಗೆ ಹೊಸ ಅಧ್ಯಯನದ ನಕ್ಷೆ ಸಿದ್ಧವಾಗಿತ್ತು. ಗುಂಪುಗಳು ಮೊದಲಿನವೇ, ವ್ಯಾಯಾಮ ಮತ್ತು ಧ್ಯಾನ. ಪ್ರತಿ ನರ್ಸೂ ತನಗೆ ಕಂಡರಾಗದ ರೋಗಿ ಯಾರೆಂದು ಬರೆದು ಲಕೋಟೆಗೆ ಹಾಕಿ ಅಂಟಿಸಬೇಕು. ಯಾರು ಯಾವ ಗುಂಪು ಎಂದು ಗೊತ್ತಿಲ್ಲದ ಇನ್ನೊಬ್ಬರು, ಬಟ್ಟೆ ನೆನೆಸುವ ನಿಮಿಷಗಳನ್ನು ಬರೆದುಕೊಳ್ಳಬೇಕು, ರೋಗಿಯ ನೋವು ಹತ್ತರಲ್ಲಿ ಎಷ್ಟೆಂದು ಕೇಳಬೇಕು.

ನರ್ಸುಗಳ ಮೇಲಧಿಕಾರಿ ಮೇಟ್ರನ್, ಚಿಮಟದಕ್ಕ ತಂದುಕೊಟ್ಟ ಕಾಗದ ಓದಿ ಮೇಜಿಗೆ ಬಡಿದರು. “ನನ್ನ ನರ್ಸುಗಳು ರೋಗಿಗಳಲ್ಲಿ ಭೇದ ಮಾಡ್ತಾರೆ ಅಂತ ಊರಿಗೆಲ್ಲ ಸಾರಬೇಕಾ? ನೀನು ಒಪ್ಕೊಂಡಿದ್ದಕ್ಕೆ ನಿನಗೆ ಮೆಮೊ ಕೊಡಬೇಕಾಗುತ್ತೆ, ಗೊತ್ತಾ?”

“ಕೊಡಿ ಮೇಡಂ, ಸಹಿ ಹಾಕಿ ತಗೋತೀನಿ. ಆದ್ರೆ ಅಧ್ಯಯನಕ್ಕೆ ಒಪ್ಪಿಗೆ ಕೊಡಿ.”

ಮೆಮೊ ಬಂತು, ಒಪ್ಪಿಗೆ ಬರಲಿಲ್ಲ. ಊಟದ ಕೋಣೆಯಲ್ಲಿ ಅವಳು ಕೂತರೆ ಅಕ್ಕಪಕ್ಕದವರು ಡಬ್ಬಿ ಮುಚ್ಚಿ ಎದ್ದುಹೋಗತೊಡಗಿದರು. ಪ್ರತಿ ಸೋಮವಾರ ಅವಳು ಮೇಟ್ರನ್ ಕೋಣೆಯ ಮುಂದೆ ನಿಂತು ಅದೇ ಕಾಗದ ಕೊಟ್ಟಳು. ಪ್ರತಿ ಸೋಮವಾರ ಅದು ವಾಪಸು ಬಂತು. ಆರನೇ ಸೋಮವಾರ ಮೇಟ್ರನ್ ಕಾಗದ ಮುಟ್ಟಲಿಲ್ಲ. ಕಿಟಕಿಯ ಕಡೆ ನೋಡುತ್ತ, “ನಾನು ವಾರ್ಡಲ್ಲಿ ನರ್ಸಾಗಿದ್ದಾಗ ಒಬ್ಬಳು ರೋಗಿ ಇದ್ಳು,” ಎಂದರು. “ಬಾಯಿ ತೆಗೆದ್ರೆ ಬೈಗುಳ. ಅವಳ ಗಂಟೆ ಹೊಡ್ಕೊಂಡ್ರೆ ನಾನು ಬೇಕಂತಲೇ ನಿಧಾನ ಹೋಗ್ತಿದ್ದೆ.” ಮಾತು ಅಲ್ಲಿಗೇ ನಿಲ್ಲಿಸಿ ಸಹಿ ಹಾಕಿದರು. ಸಂಜೆ ತಮ್ಮ ಕೈಯಾರೆ ಲಕೋಟೆಗಳ ಕಟ್ಟು ತಂದುಕೊಟ್ಟರು.

ನಾಲ್ಕು ತಿಂಗಳು, ಮೂರು ವಾರ್ಡು, ಇಪ್ಪತ್ತನಾಲ್ಕು ನರ್ಸುಗಳು. ಲಕೋಟೆ ಒಡೆದ ದಿನ ತಿಳಿದದ್ದು ಇಷ್ಟು: ವ್ಯಾಯಾಮದ ಗುಂಪಿನಲ್ಲಿ ಕಂಡರಾಗದ ರೋಗಿಗಳ ಬಟ್ಟೆ ಉಳಿದವರದಕ್ಕಿಂತ ಎರಡೂವರೆ ನಿಮಿಷ ಕಡಿಮೆ ನೆನೆದಿತ್ತು. ಧ್ಯಾನದ ಗುಂಪಿನಲ್ಲಿ ಆ ಅಂತರ ಹೆಚ್ಚುಕಡಿಮೆ ಮುಚ್ಚಿಹೋಗಿತ್ತು. ಆ ರೋಗಿಗಳ ನೋವು ಹತ್ತರಲ್ಲಿ ಒಂದಂಶ ಇಳಿದಿತ್ತು. ನರ್ಸುಗಳ ದಣಿವಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಆದರೆ ಧ್ಯಾನದ ಗುಂಪಿನವರು ರಜೆ ಹಾಕುವುದನ್ನು ಕಡಿಮೆ ಮಾಡಿದ್ದರು. ಏಕೆಂದು ಸಂಶೋಧಕಿಗೂ ತಿಳಿಯಲಿಲ್ಲ, ತಿಳಿದಿಲ್ಲ ಎಂದೇ ಬರೆದಳು.

“ಒಂದೇ ಒಂದು ಅಂಶ ಅಕ್ಕಾ. ಸಣ್ಣ ಅಧ್ಯಯನ ಬೇರೆ. ಇನ್ನೊಂದು ಕಡೆ ಮಾಡಿ ನೋಡದೆ ಗಟ್ಟಿಯಾಗಿ ಹೇಳೋ ಹಾಗಿಲ್ಲ.”

“ಸುಟ್ಟ ಮೈಯವರನ್ನ ಕೇಳಮ್ಮಾ, ಒಂದಂಶ ಅಂದ್ರೆ ಎಷ್ಟು ಅಂತ. ಎಲ್ಲಿ ಮಾಡ್ಬೇಕು ಹೇಳು, ಬರ್ತೀನಿ.”

ಅಷ್ಟರಲ್ಲಿ ಆರನೇ ಹಾಸಿಗೆಯವನು ಮನೆಗೆ ಹೋಗಿ ಎಷ್ಟೋ ದಿನವಾಗಿತ್ತು. ಹಿಟ್ಟು ನಾದುವ ಹೆಂಗಸು ತಾನು ಹೇಳಿದಂತೆಯೇ ಕೇಸು ಹಾಕಿದ್ದಳು. ಪೈಪಿನ ವಿಷಯ ತನಗೆ ಗೊತ್ತಿತ್ತೆಂದು ಅವನು ನ್ಯಾಯಾಧೀಶರ ಮುಂದೆ ಒಪ್ಪಿಕೊಂಡ ಸುದ್ದಿಯನ್ನು, ಕೈ ತೋರಿಸಲು ಬಂದಿದ್ದಾಗ ಅವಳೇ ಹೇಳಿದಳು. ಖುಷಿಯನ್ನೂ ತೋರಿಸಲಿಲ್ಲ, ಬೇಸರವನ್ನೂ ತೋರಿಸಲಿಲ್ಲ. ಬಲಗೈ ಮುಷ್ಟಿ ಕಟ್ಟಿ ತೋರಿಸುವಾಗ ಮಾತ್ರ ನಕ್ಕಳು.

ಮುಂದಿನ ತಿಂಗಳು ಚಿಮಟದಕ್ಕ ಸಂಶೋಧಕಿಯ ಜೊತೆ ಬೇರೊಂದು ಊರಿನ ಆಸ್ಪತ್ರೆಗೆ ಹೋದಳು. ಅಲ್ಲಿನ ನರ್ಸುಗಳು ಕೈಕಟ್ಟಿಕೊಂಡು, ಇವಳೇನು ಹೇಳಿಕೊಡುತ್ತಾಳೆ ನೋಡೋಣ ಎಂಬ ಮುಖ ಹೊತ್ತು ಕೂತಿದ್ದರು. ಸಂಶೋಧಕಿ ಮಾತು ಆರಂಭಿಸಲು ಎದ್ದಾಗ ಚಿಮಟದಕ್ಕ ಅವಳ ಭುಜ ಒತ್ತಿ ಕೂರಿಸಿ ತಾನೇ ಮುಂದೆ ಬಂದಳು.

“ಮೊದಲು ನಾನೇನು ಮಾಡಿದ್ದೆ ಅಂತ ಹೇಳ್ತೀನಿ,” ಎಂದಳು. “ಆಮೇಲೆ ನೀವು ಸೇರ್ತೀರೋ ಬಿಡ್ತೀರೋ ನಿಮಗೆ ಬಿಟ್ಟಿದ್ದು.”