ನಾಲ್ಕು ಬೆರಳು ಕಡಲು

ರಾಜಧಾನಿಯಿಂದ ಬಂದವನನ್ನು ನಾನು ಮೊದಲ ದಿನವೇ ನಂಬಲಿಲ್ಲ. ಬೂಟು ಕಳಚಿ ಒಳಗೆ ಬಂದ, ಕೊಟ್ಟ ನೀರು ಕುಡಿದ, ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತಾಡಿದ. ಅಷ್ಟು ಮೆತ್ತಗಿನ ಸರ್ಕಾರಿ ನೌಕರ ಏನನ್ನಾದರೂ ಕಿತ್ತುಕೊಂಡು ಹೋಗುವುದಕ್ಕೇ ಬಂದಿರುತ್ತಾನೆ. ನಾನೂ ಸರ್ಕಾರಿ ನೌಕರಳೇ, ಅದಕ್ಕೇ ಹೇಳುತ್ತಿದ್ದೇನೆ.

ನನ್ನ ಕೆಲಸ ಕಡಲನ್ನು ಅಳೆಯುವುದು. ದೋಣಿ ನಿಲ್ಲುವ ಜೆಟ್ಟಿಯ ಕಂಬಕ್ಕೆ ಬೋಲ್ಟು ಹಾಕಿ ಕೂರಿಸಿದ ಉದ್ದನೆಯ ಅಳತೆಹಲಗೆ ಇದೆ. ಹಗಲಿನ ಉಬ್ಬರಕ್ಕೊಮ್ಮೆ, ಇಳಿತಕ್ಕೊಮ್ಮೆ ನೀರು ಯಾವ ಅಂಕಿಗೆ ನಿಂತಿದೆ ಎಂದು ಆಫೀಸಿನ ಕಿಟಕಿಯಿಂದ ನೋಡಿ ರಿಜಿಸ್ಟರಿಗೆ ಬರೆಯಬೇಕು. ಇಪ್ಪತ್ತಾರು ವರ್ಷ ಬರೆದಿದ್ದೇನೆ. ಒಂದು ದಿನ ತಪ್ಪಿಲ್ಲ, ಒಂದು ಚಿತ್ತಿಲ್ಲ.

ಅವನು ತಂದದ್ದು ಒಂದು ಪಟ್ಟಿ. ಕಡಲು, ಕರಾವಳಿ, ಹವಾಮಾನದ ವಿಚಾರದಲ್ಲಿ ಸರ್ಕಾರ ಮೊದಲು ಯಾವ ಊರಿನ ಕಡೆ ನೋಡಬೇಕು ಅನ್ನುವ ಆದ್ಯತೆಯ ಪಟ್ಟಿ. ನೀರು ಏರುತ್ತಿರುವ ಊರು ಮೊದಲ ಸಾಲಿಗೆ. ಅಲ್ಲಿಗೆ ತಡೆಗೋಡೆ ಬರುತ್ತದೆ. ಏರದ ಊರು ಇನ್ನು ಹತ್ತು ವರ್ಷ ಕಾಯಬೇಕು. ನಮ್ಮದು ಏರದ ಊರು, ಹಾಗೆ ಹೇಳಿದ್ದು ನನ್ನ ರಿಜಿಸ್ಟರೇ. ಪಟ್ಟಿ ಶುಕ್ರವಾರ ಮುಚ್ಚುತ್ತದೆ. ನಾನು ಅವನಿಗೆ 'ಪಟ್ಟಿ ಸಾಹೇಬ' ಎಂದು ಹೆಸರಿಟ್ಟೆ.

ಜೆಟ್ಟಿಯ ಹಿಂದಿನ ಕೆಳಬೀದಿಯಲ್ಲಿ ನನ್ನ ಅಕ್ಕನ ಮನೆ. ಹನ್ನೊಂದು ವರ್ಷದ ಹಿಂದೆ ಭಾವನಿಗೆ ಪಾರ್ಶ್ವವಾಯು ಬಡಿದು ಹಾಸಿಗೆ ಹಿಡಿದರು. ಈಚೆಗೆ ದೊಡ್ಡ ಉಬ್ಬರ ಬಂದಾಗಲೆಲ್ಲ ಮನೆಯೊಳಗೆ ನೀರು. ಹೋದ ಸಲ ನೀರು ಮಂಚದ ಅಡ್ಡಪಟ್ಟಿ ಮುಟ್ಟಿತ್ತು. ಅಕ್ಕ ಒಬ್ಬಳೇ, ಅವರನ್ನು ಎತ್ತಲೂ ಆಗದೆ, ಬಿಡಲೂ ಆಗದೆ, ಹಾಸಿಗೆಯ ಮೇಲೆ ಅವರನ್ನು ತಬ್ಬಿ ಕೂತಿದ್ದಳು.

"ನಿನ್ನ ಪುಸ್ತಕದಲ್ಲಿ ಏರದೇ ಇರೋ ಸಮುದ್ರ ನನ್ನ ಅಡುಗೆಮನೇಲಿ ಹೇಗೆ ಏರುತ್ತೆ ಕಣೇ?" ಎಂದು ಕೇಳುತ್ತಿದ್ದಳು.

"ಚರಂಡಿ ಕಟ್ಕೊಂಡಿದೆ ಅಕ್ಕ, ತೆಗೆಸು," ಎನ್ನುತ್ತಿದ್ದೆ. ಪಾಪ, ಮೂರು ಸಲ ತೆಗೆಸಿದಳು.

ಎರಡನೆಯ ದಿನ ಪಟ್ಟಿ ಸಾಹೇಬ ನನ್ನ ಮೇಜಿನ ಮುಂದೆ ಕೂತ. "ಮೇಡಂ, ಅಕ್ಕಪಕ್ಕದ ಬಂದರುಗಳಲ್ಲೆಲ್ಲ ನೀರು ಏರಿದೆ. ನಿಮ್ಮೂರಿಗೆ ಮಾತ್ರ ಸಮುದ್ರ ರಿಯಾಯಿತಿ ಕೊಟ್ಟಿದ್ಯಾ?"

"ಸಮುದ್ರಾನೇ ಕೇಳಿ. ಕಿಟಕಿ ಆಚೆಗೇ ಇದೆ."

ಅವನು ನಕ್ಕ. "ಜೆಟ್ಟಿ ರಿಪೇರಿ ಆದ ವರ್ಷದ ರಿಜಿಸ್ಟರ್ ಒಂದು ಸಿಗುತ್ತಾ?"

ಓಹೋ, ಎಂದುಕೊಂಡೆ. ನನ್ನ ಲೆಕ್ಕ ಸುಳ್ಳೆಂದು ತೋರಿಸಬೇಕು, ನನ್ನ ಜಾಗದಲ್ಲಿ ಮೆಷಿನ್ ತಂದು ಕೂರಿಸಬೇಕು, ಇದೇ ಹುನ್ನಾರ. "ಅದು ಗೆದ್ದಲು ಹಿಡಿದು ಹೋಯ್ತು," ಎಂದೆ. ಅವನು ಊಟಕ್ಕೆ ಎದ್ದದ್ದೇ ತಡ, ಆ ರಿಜಿಸ್ಟರನ್ನು ಚೀಲಕ್ಕೆ ಹಾಕಿಕೊಂಡು ಮನೆಗೆ ನಡೆದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ನನ್ನ ಕಥೆ. ಆದರೆ ಆಗ ನನಗೆ ಕುಂಬಳಕಾಯಿ ಯಾವುದು ಅಂತಲೇ ಗೊತ್ತಿರಲಿಲ್ಲ.

ಮನೆಯಲ್ಲಿ ತೆರೆದು ನೋಡಿದೆ. ನನ್ನದೇ ಅಕ್ಷರ: "ಜೆಟ್ಟಿ ದುರಸ್ತಿ ಮುಗಿಯಿತು. ಹಲಗೆಯನ್ನು ಮರಳಿ ಕೂರಿಸಿ, ಗೋಡೆಯ ಗುರುತಿಗೆ ತಾಳೆ ನೋಡಲಾಗಿದೆ." ಕೆಳಗೆ ನನ್ನ ಸಹಿ.

ಹಲಗೆ ಬಿಚ್ಚಿ ಮತ್ತೆ ಕೂರಿಸಿದರೆ, ಬಂದರಿನ ಗೋಡೆಯಲ್ಲಿ ಹುದುಗಿಸಿದ ಹಿತ್ತಾಳೆ ಗುರುತಿಗೆ ಮಟ್ಟ ಹಿಡಿದು ನೋಡಲೇಬೇಕು. ಅರ್ಧ ದಿನದ ಕೆಲಸ. ಆಮೇಲೆ ತಾರೀಕು ನೋಡಿದೆ. ಅದು ಭಾವ ಕುಸಿದು ಬಿದ್ದ ದಿನ. ಅಕ್ಕ ಆಸ್ಪತ್ರೆಯಿಂದ ಫೋನಿನಲ್ಲಿ ಕಿರುಚಿದ್ದಳು. ಓಡಿದ್ದು ನೆನಪಿತ್ತು. ಓಡುವ ಮೊದಲು ಏನನ್ನೂ ನೋಡದೆ ಸಹಿ ಹಾಕಿದ್ದು ಮಾತ್ರ ಮರೆತೇಹೋಗಿತ್ತು.

ಮರುದಿನ ಬೆಳಿಗ್ಗೆ ಇಳಿತದ ಹೊತ್ತಿಗೆ ಸೆರಗು ಸಿಕ್ಕಿಸಿಕೊಂಡು ಜೆಟ್ಟಿಯ ಕಬ್ಬಿಣದ ಏಣಿ ಇಳಿದೆ. ಚಿಪ್ಪು, ಪಾಚಿ ಕೆರೆದೆ. ಹಲಗೆಯ ಪ್ರತಿ ಬೋಲ್ಟಿನ ಕೆಳಗೂ ಒಂದೊಂದು ಹಳೆಯ ತೂತು. ನಡುವಿನ ಜಾಗಕ್ಕೆ ಬೆರಳಿಟ್ಟೆ. ನಾಲ್ಕು ಬೆರಳು ಸರಿಯಾಗಿ ಕೂತವು. ಹಲಗೆ ನಾಲ್ಕು ಬೆರಳು ಮೇಲೆ ಕೂತರೆ ನೀರು ನಾಲ್ಕು ಬೆರಳು ಕಡಿಮೆ ತೋರಿಸುತ್ತದೆ. ಕಡಲು ಏರಿದಷ್ಟನ್ನೂ ನನ್ನ ಹಲಗೆ ನುಂಗಿ ಕೂತಿತ್ತು. ನನಗೆ ಅಲ್ಲೇ ಅಳು ಬಂತು.

ತಲೆ ಎತ್ತಿದರೆ ಮೇಲೆ ಪಟ್ಟಿ ಸಾಹೇಬ.

"ನನಗೆ ಅನುಮಾನ ಇತ್ತು ಮೇಡಂ. ನೀವಾಗೇ ಹೇಳ್ಲಿ ಅಂತ ಕಾದೆ," ಎಂದ. "ಆದ್ರೆ ತಪ್ಪು ಯಾರದು, ಯಾವಾಗ ಆಯ್ತು ಅಂತ ಸಹಿ ಮಾಡಿದ ಹೇಳಿಕೆ ಇಲ್ದೆ ಸಮಿತಿ ತಿದ್ದುಪಡಿ ಒಪ್ಪಲ್ಲ. ಬರೆದುಕೊಟ್ರೆ ಕೆಳಬೀದಿ ಪಟ್ಟಿಗೆ ಸೇರುತ್ತೆ. ಆದ್ರೆ ನಿಮ್ಮ ಮೇಲೆ ವಿಚಾರಣೆ ಆಗುತ್ತೆ."

ಆಗಲೂ ನನ್ನ ಹಾಳು ಬುದ್ಧಿ, ಇದರಲ್ಲೂ ಏನೋ ಮಸಲತ್ತು ಇರಬಹುದೇ ಎಂದು ಅವನ ಮುಖ ಹುಡುಕಿತು. ಏನೂ ಸಿಗಲಿಲ್ಲ. ಒದ್ದೆ ಕೈಯಲ್ಲೇ ಪೆನ್ನು ಈಸಿಕೊಂಡೆ.

ಬರೆದುಕೊಟ್ಟು ನೇರ ಅಕ್ಕನ ಮನೆಗೆ ಹೋದೆ. ಅವಳು ಭಾವನ ಕಾಲು ಒರೆಸುತ್ತಿದ್ದಳು. ಎಲ್ಲ ಹೇಳಿದೆ. ಯಾವ ದಿನ ಎಂಬುದನ್ನು ಬಿಟ್ಟು.

"ಇಷ್ಟು ದಿನ ಚರಂಡಿಗೆ ಬೈದ್ಯಲ್ಲೇ," ಎಂದಳು. ಬಟ್ಟೆ ಹಿಂಡಿ ಭಾವನ ಇನ್ನೊಂದು ಕಾಲು ಒರೆಸತೊಡಗಿದಳು. ನನಗೆ ಬೈದಿದ್ದರೆ ಚೆನ್ನಾಗಿತ್ತು. ನಾಚಿಕೆಯಿಂದ ಸಾಯುವ ಹಾಗಾಯಿತು.

ಶುಕ್ರವಾರ ಕೆಳಬೀದಿ ಮೊದಲ ಸಾಲಿಗೆ ಬಂತು. ಸೋಮವಾರ ನನಗೆ ವಿಚಾರಣೆಯ ಕಾಗದ ಬಂತು. ಅದು ಮುಗಿಯುವವರೆಗೆ ಹಲಗೆ ನೋಡುವವಳು ನಾನೇ. ಈಗ ದಿನಾ ಉಬ್ಬರದ ಹೊತ್ತಿಗೆ ಅಕ್ಕನ ಫೋನು ಬರುತ್ತದೆ.

"ಇವತ್ತು ಎಷ್ಟು?"

ಅಂಕಿ ಹೇಳುತ್ತೇನೆ.

"ಕಿಟಕಿಯಿಂದ ನೋಡಿದ್ಯಾ, ಇಳಿದು ನೋಡಿದ್ಯಾ?"

"ಇಳಿದೇ ನೋಡ್ದೆ ಅಕ್ಕ."

"ಇನ್ನೊಂದ್ಸಲ ನೋಡು," ಎನ್ನುತ್ತಾಳೆ. ಫೋನು ಇಡುವುದಿಲ್ಲ. ನಾನು ಮತ್ತೆ ಏಣಿ ಇಳಿಯುತ್ತೇನೆ.